ಯಾರು ಕಂಡರು? – ಪ್ಲಾಸ್ಮಾ ಅಂಚಿನ ಒಂದು ಪಾಠ

ಒಂಬತ್ತನೆಯ ತರಗತಿಯ ದ್ರವ್ಯದ ಸ್ಥಿತಿಗಳ ಘಟಕದಲ್ಲಿ ಪ್ಲಾಸ್ಮಾದ ಹೆಸರು ಬಂದಾಗ, ಬೈಜಿಕ ಸಮ್ಮಿಳನ ರಿಯಾಕ್ಟರಿನ ಅಂಚಿನಲ್ಲಿ ಪ್ಲಾಸ್ಮಾ ಹೇಗೆ ಕದಡುತ್ತದೆ ಎಂಬುದನ್ನು ಪೂರಕ ಪಾಠವಾಗಿ ಆರಿಸಿಕೊಂಡೆ. ಮಕ್ಕಳಿಗೆ ಇದು ಹೆಚ್ಚಾಯಿತು ಎಂದು ಸಹ ಪ್ರಶಿಕ್ಷಣಾರ್ಥಿಗಳು ಎಚ್ಚರಿಸಿದ್ದರು. ಪಾಠ ಎಡವಿದ್ದು ಮಾತ್ರ ಬೇರೆ ಕಡೆ.

ಪೀಠಿಕೆ ಸರಾಗವಾಗಿ ಸಾಗಿತು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ, ಭಾರತವೂ ಪಾಲುದಾರನಾಗಿರುವ ಈಟರ್ ಯಂತ್ರದಲ್ಲಿ ಪ್ಲಾಸ್ಮಾ ಸುಮಾರು 15 ಕೋಟಿ ಡಿಗ್ರಿಗೆ ಕಾಯಬೇಕು. ಅದನ್ನು ಹಿಡಿದಿಡುವುದು ಕಾಂತಕ್ಷೇತ್ರ. ಆದರೂ ಅಂಚಿನಲ್ಲಿ ಸುಳಿಗಳೆದ್ದು ಶಾಖ ಹೊರಕ್ಕೆ ಸೋರುತ್ತದೆ. ಕಾಂತರೇಖೆಗಳ ಗುಂಟ ಹರಿದು ತಳದಲ್ಲಿರುವ ಡೈವರ್ಟರ್ ಎಂಬ ಟಂಗ್‌ಸ್ಟನ್ ಫಲಕಗಳ ಮೇಲೆ ಬೀಳುತ್ತದೆ. ಕಿರಿದಾದ ಪಟ್ಟಿಯಲ್ಲಿ ಬಿದ್ದರೆ ಫಲಕಕ್ಕೆ ಅಪಾಯ, ಅಗಲವಾಗಿ ಹರಡಿದರೆ ತಡೆದೀತು. ಒಳಗಿನ ಶಾಖಕ್ಕೆ ಶತ್ರುವಾದ ಸುಳಿ ಫಲಕಕ್ಕೆ ಮಿತ್ರ ಎಂಬುದು ಮಕ್ಕಳಿಗೆ ಬಹಳ ಹಿಡಿಸಿತು.

ಸಿಮ್ಯುಲೇಶನ್ ಎಂದರೆ ಕಾರ್ಟೂನ್ ಎಂದೇ ಹಲವರು ತಿಳಿದಿದ್ದರು. ಹಾಗಾಗಿ ಕರಿಹಲಗೆಯಲ್ಲಿ ಒಂದು ಸಾಲು ಚೌಕ ಬರೆದೆ. ನಡುವಿನದರಲ್ಲಿ 80, ಉಳಿದವುಗಳಲ್ಲಿ ಸೊನ್ನೆ. ಪ್ರತಿ ಹೆಜ್ಜೆಗೂ ಪ್ರತಿ ಚೌಕ ತನ್ನಲ್ಲಿರುವುದರ ಕಾಲು ಭಾಗವನ್ನು ಎಡಕ್ಕೂ ಕಾಲು ಭಾಗವನ್ನು ಬಲಕ್ಕೂ ಕೊಡಬೇಕು. ಮೊದಲ ಹೆಜ್ಜೆಗೆ 20, 40, 20. ಎರಡನೆಯದಕ್ಕೆ 5, 20, 30, 20, 5. ಮೂರನೆಯದರಲ್ಲಿ 18.75 ಬಂದಾಗ ಹಿಂದಿನ ಬೆಂಚಿನವರು ಪೆನ್ನು ಕೆಳಗಿಟ್ಟರು. ಅದೇ ಸಮಯ ನೋಡಿ ಹೇಳಿದೆ: ನಿಜವಾದ ಲೆಕ್ಕದಲ್ಲಿ ಈ 'ಕಾಲು ಭಾಗ' ಸ್ಥಿರವಲ್ಲ, ಸುಳಿಯೇ ಅದನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಸಾಲಿನ ಬದಲು ಐದು ದಿಕ್ಕು – ಸ್ಥಾನಕ್ಕೆ ಮೂರು, ವೇಗಕ್ಕೆ ಎರಡು. ಸೂಪರ್ ಕಂಪ್ಯೂಟರ್ ಯಾಕೆ ಬೇಕು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಮುಂದೆ ನಾನು ಹೇಳಿದ್ದು ಹೀಗೆ: "ಈಗಿನ ಚಿಕ್ಕ ಯಂತ್ರಗಳ ಅಳತೆಯಂತೆ ಈಟರ್‌ನಲ್ಲಿ ಶಾಖದ ಪಟ್ಟಿ ಸುಮಾರು 1 ಮಿಲಿಮೀಟರ್. ಆದರೆ 2017ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಪ್ರಯೋಗಾಲಯದ ಸಿ. ಎಸ್. ಚಾಂಗ್ ಮತ್ತು ಸಂಗಡಿಗರ ಸಿಮ್ಯುಲೇಶನ್‌ನಲ್ಲಿ ಅದು 6 ಮಿಲಿಮೀಟರಿನಷ್ಟು ಎಂದು ಕಂಡುಬಂದಿದೆ." (ಈ ಅಗಲ ಪ್ಲಾಸ್ಮಾದ ನಡುಮಟ್ಟದ್ದು, ಫಲಕದ ಮೇಲೆ ಇನ್ನಷ್ಟು ಹರಡುತ್ತದೆ, ಆ ವಿವರ ತರಗತಿಗೆ ಬೇಡವೆಂದು ಬಿಟ್ಟಿದ್ದೆ.)

ಎರಡನೆಯ ಬೆಂಚಿನ ಹುಡುಗಿ ಎದ್ದಳು. "ಮಿಸ್, ಆ ಮೆಷೀನು ಇನ್ನೂ ಕಟ್ತಾ ಇದಾರೆ ಅಂದ್ರಲ್ಲ, ಮತ್ತೆ ಯಾರು ಕಂಡ್ರು?"

"ಕಂಪ್ಯೂಟರ್" ಎಂದೆ. ತರಗತಿ ನಕ್ಕಿತು. ನನಗೂ ಉತ್ತರ ಸರಿಯಿಲ್ಲವೆಂದು ತಿಳಿಯಿತು.

ಕರಿಹಲಗೆಗೆ ಹಿಂತಿರುಗಿ ಎರಡನೆಯ ಹೆಜ್ಜೆಯ 30 ತೋರಿಸಿದೆ. "ಇದನ್ನ ಯಾರು ಅಳೆದ್ರು?" "ಯಾರೂ ಇಲ್ಲ ಮಿಸ್, ನಾವೇ ಲೆಕ್ಕ ಹಾಕಿದ್ದು." ಕಾಲು ಭಾಗದ ಬದಲು ಎಂಟನೆಯ ಒಂದು ಭಾಗ ಕೊಟ್ಟರೆ? ಮತ್ತೆ ಹಾಕಿದರು, 47.5 ಬಂತು. ಅದೇ ಹುಡುಗಿ ಬಿಡಲಿಲ್ಲ: "ಹಾಗಾದ್ರೆ ಯಾವ ನಿಯಮ ಸರಿ ಅಂತ ಹೇಗೆ ಗೊತ್ತಾಗುತ್ತೆ?" ಚಾಂಗ್ ತಂಡ ಅದೇ ಪ್ರೋಗ್ರಾಮಿನಿಂದ ಮೊದಲು ಈಗಿರುವ ಯಂತ್ರಗಳ ಪಟ್ಟಿಯನ್ನು ಲೆಕ್ಕ ಹಾಕಿ, ಅಳೆದ ಅಗಲಕ್ಕೆ ಹೊಂದುತ್ತದೆಯೇ ಎಂದು ನೋಡಿತ್ತು, ಹೊಂದಿತ್ತು. ಈಟರ್ ಅವೆಲ್ಲಕ್ಕಿಂತ ದೊಡ್ಡದು. ಅಲ್ಲಿ ಅಂಚಿನ ಸುಳಿಗಳ ಸ್ವಭಾವವೇ ಬೇರೆಯಾಗುತ್ತದೆ ಎನ್ನುವುದೂ ಆ ಲೆಕ್ಕವೇ. 1 ಕೂಡ ಈಟರ್‌ನಲ್ಲಿ ಅಳೆದದ್ದಲ್ಲ, ಚಿಕ್ಕ ಯಂತ್ರಗಳಿಂದ ಮುಂದಕ್ಕೆ ಎಳೆದ ಅಂದಾಜು ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಉಳಿದೇ ಹೋಯಿತು. ವೀಕ್ಷಣಾ ಪುಸ್ತಕದಲ್ಲಿ ಅದಕ್ಕೆ ಕೆಂಪು ಗೆರೆ ಬಿದ್ದಿದೆ, ನ್ಯಾಯವಾಗಿಯೇ.

'ಬಿ' ವಿಭಾಗಕ್ಕೆ ಪಾಠಯೋಜನೆ ತಿದ್ದುವಾಗ 'ಕಂಡುಬಂದಿದೆ' ಎಂಬುದನ್ನು ಹೊಡೆದು 'ಲೆಕ್ಕದಂತೆ ಬರುತ್ತದೆ' ಎಂದು ಬರೆದೆ. 'ಅಳತೆಯಂತೆ' ಇದ್ದಲ್ಲಿ 'ಅಳತೆಗಳಿಂದ ಮಾಡಿದ ಅಂದಾಜಿನಂತೆ'. 'ಯಾರು ಕಂಡರು?' ಎಂಬುದನ್ನು ಬೋಧನಾ ಹಂತದ ಪ್ರಶ್ನೆಗಳಲ್ಲಿ ಸೇರಿಸಿಕೊಂಡೆ, ಈ ಸಲ ನಾನೇ ಕೇಳುವುದಕ್ಕೆ.