ಜಿಎಫ್‌ಆರ್: ಮೂತ್ರಪಿಂಡದ ಸೋಸುವಿಕೆ ದರವನ್ನು ಅಳೆಯುವ ವಿಧಾನಗಳು

ಎರಡೂ ಮೂತ್ರಪಿಂಡಗಳ ಗ್ಲೊಮೆರುಲಸ್‌ಗಳು (ರಕ್ತ ಸೋಸುವ ಸೂಕ್ಷ್ಮ ರಕ್ತನಾಳಗಳ ಗುಚ್ಛಗಳು) ನಿಮಿಷಕ್ಕೆ ಸೋಸುವ ದ್ರವದ ಪ್ರಮಾಣವೇ ಜಿಎಫ್‌ಆರ್. ಆರೋಗ್ಯವಂತ ವಯಸ್ಕರಲ್ಲಿ ಇದು ಸುಮಾರು 125 ಮಿ.ಲೀ., ಅಂದರೆ ದಿನಕ್ಕೆ 180 ಲೀಟರ್.

ಇದನ್ನು ತಿಳಿಯಲು ಒಂದು ವಸ್ತುವಿನ ಕ್ಲಿಯರೆನ್ಸ್ (ನಿಮಿಷಕ್ಕೆ ಆ ವಸ್ತುವಿನಿಂದ ಮುಕ್ತವಾಗುವ ಪ್ಲಾಸ್ಮಾ ಪ್ರಮಾಣ) ಲೆಕ್ಕ ಹಾಕುತ್ತಾರೆ. ಸೂತ್ರ: ಕ್ಲಿಯರೆನ್ಸ್ = (ಮೂತ್ರದಲ್ಲಿನ ಸಾಂದ್ರತೆ × ನಿಮಿಷದ ಮೂತ್ರ ಪ್ರಮಾಣ) ÷ ಪ್ಲಾಸ್ಮಾದಲ್ಲಿನ ಸಾಂದ್ರತೆ

1. ಇನ್ಯುಲಿನ್ ಕ್ಲಿಯರೆನ್ಸ್: ಅತ್ಯಂತ ನಿಖರ. ಸಸ್ಯಜನ್ಯ ಪಾಲಿಸ್ಯಾಕರೈಡ್ ಆದ ಇನ್ಯುಲಿನ್ ಮುಕ್ತವಾಗಿ ಸೋಸಲ್ಪಡುತ್ತದೆ. ಮರುಹೀರಿಕೆಯೂ ಇಲ್ಲ, ಸ್ರವಿಕೆಯೂ ಇಲ್ಲ. ಆದರೆ ರಕ್ತನಾಳದ ಮೂಲಕ ಸತತವಾಗಿ ಕೊಡಬೇಕು; ಹಾಗಾಗಿ ನಿತ್ಯದ ಬಳಕೆಗೆ ಕಷ್ಟ.

2. ಕ್ರಿಯಾಟಿನಿನ್ ಕ್ಲಿಯರೆನ್ಸ್: ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ ವಸ್ತು. 24 ಗಂಟೆಗಳ ಮೂತ್ರ ಸಂಗ್ರಹ ಬೇಕು. ನಳಿಕೆಗಳು ಸ್ವಲ್ಪ ಕ್ರಿಯಾಟಿನಿನ್ ಸ್ರವಿಸುವುದರಿಂದ ಫಲಿತಾಂಶ ವಾಸ್ತವಕ್ಕಿಂತ ಹೆಚ್ಚು ಬರುತ್ತದೆ.

3. ಅಂದಾಜು ಸೂತ್ರಗಳು: ಮೂತ್ರ ಸಂಗ್ರಹ ಬೇಡ, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೊಂದೇ ಸಾಕು. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ (1976) ಅದರ ಜೊತೆಗೆ ವಯಸ್ಸು, ತೂಕ, ಲಿಂಗವನ್ನು ಪರಿಗಣಿಸುತ್ತದೆ. ಸಿಕೆಡಿ-ಎಪಿಐ ಸೂತ್ರದಿಂದ (2009) ಜನಾಂಗದ ಅಂಶವನ್ನು 2021ರಲ್ಲಿ ಕೈಬಿಡಲಾಯಿತು.

4. ಸಿಸ್ಟಾಟಿನ್-ಸಿ: ರಕ್ತದಲ್ಲಿನ ಈ ಪ್ರೋಟೀನ್ ಮಟ್ಟದ ಮೇಲೆ ಸ್ನಾಯುಗಳ ಗಾತ್ರದ ಪ್ರಭಾವ ಕಡಿಮೆ, ಕೃಶಕಾಯರಿಗೆ, ವೃದ್ಧರಿಗೆ ಉಪಯುಕ್ತ. ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಔಷಧಿಗಳಿಂದ ಏರುಪೇರಾಗಬಹುದು.

5. ಡಿಟಿಪಿಎ ಸ್ಕ್ಯಾನ್: ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವಿನ ಬಳಕೆ. ಎಡ-ಬಲ ಮೂತ್ರಪಿಂಡಗಳ ಕೆಲಸವನ್ನು ಬೇರೆಬೇರೆಯಾಗಿ ತೋರಿಸುತ್ತದೆ.

ನೆನಪಿಡಿ: ಜಿಎಫ್‌ಆರ್ 3 ತಿಂಗಳಿಗೂ ಹೆಚ್ಚು ಕಾಲ ನಿಮಿಷಕ್ಕೆ 60 ಮಿ.ಲೀ.ಗಿಂತ ಕಡಿಮೆಯಿದ್ದರೆ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ, 15 ಮಿ.ಲೀ.ಗಿಂತ ಕಡಿಮೆಯಾದರೆ ಮೂತ್ರಪಿಂಡ ವೈಫಲ್ಯ. ಇನ್ಯುಲಿನ್ ಬೇರೆ, ಇನ್ಸುಲಿನ್ ಬೇರೆ!