ಬೀಳೋ ಹಲ್ಲಿಗೆ ಕ್ಯಾಪ್ ಯಾಕೆ?

ಮಕ್ಕಳೇ, ಮನೆಯಲ್ಲಿ ಮೂರು-ನಾಲ್ಕು ವರ್ಷದ ತಮ್ಮನೋ ತಂಗಿಯೋ ಇದ್ದರೆ ಇವತ್ತು ಸಂಜೆ ಅವರನ್ನು ಸ್ವಲ್ಪ ನಗಿಸಿ. ನಗುವಾಗ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳನ್ನು ಬೆಳಕಿನಲ್ಲಿ ನೋಡಿ. ಒಸಡಿನ ಅಂಚಿಗೆ ಸೀಮೆಸುಣ್ಣದಂಥ ಬಿಳಿ ಗೆರೆ ಇದೆಯೇ? ಅದು ಕಂದು ಬಣ್ಣಕ್ಕೆ ತಿರುಗಿದೆಯೇ? ಅಥವಾ ಹಲ್ಲಿನ ತಲೆಯೇ ಕರಗಿ ಕಪ್ಪು ಮೋಟು ಉಳಿದಿದೆಯೇ? ದೊಡ್ಡವರಿಗೆ ತೋರಿಸಿದರೆ, "ಬೀಳೋ ಹಲ್ಲು ತಾನೇ, ಬಿಡು" ಅಂತಾರೆ. ಆ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೇಲಿನ ಬಾಚಿಹಲ್ಲು ಮಗುವಿಗೆ ಸುಮಾರು ಒಂದು ವರ್ಷ ಆಗುವ ಹೊತ್ತಿಗೆ ಹುಟ್ಟಿರುತ್ತದೆ. ಅದರ ಜಾಗಕ್ಕೆ ಶಾಶ್ವತ ಹಲ್ಲು ಬರುವುದು 7-8 ವರ್ಷಕ್ಕೆ. ಮೂರನೇ ವರ್ಷಕ್ಕೇ ಹಲ್ಲು ಹಾಳಾದರೆ ಆ ಮಗು ಇನ್ನೂ ನಾಲ್ಕೈದು ವರ್ಷ ಮೋಟು ಹಲ್ಲಲ್ಲೇ ಕಚ್ಚಬೇಕು, ಮಾತಾಡಬೇಕು, ನಗಬೇಕು. ತ, ದ, ಸ ದಂತ್ಯಾಕ್ಷರಗಳು ಅಂತ ವ್ಯಾಕರಣದಲ್ಲಿ ಓದಿದ್ದೀರಲ್ಲ, ಹೇಳಿ ನೋಡಿ, ನಾಲಿಗೆ ಎಲ್ಲಿಗೆ ಹೋಗುತ್ತೆ? ಇನ್ನೊಂದು ಸಂಗತಿ ಹೊರಗೆ ಕಾಣುವುದಿಲ್ಲ. ಹಾಲುಹಲ್ಲಿನ ಬೇರಿನ ಪಕ್ಕದಲ್ಲೇ, ಎಲುಬಿನೊಳಗೆ, ಶಾಶ್ವತ ಹಲ್ಲು ಬೆಳೆಯುತ್ತಾ ಇರುತ್ತದೆ. ಹಾಲುಹಲ್ಲಿನ ಬುಡದಲ್ಲಿ ಕೀವು ತುಂಬಿದರೆ ಆ ಹೊಸ ಹಲ್ಲಿನ ಹೊರಪದರ ಕಲೆಬಿದ್ದು, ಕುಳಿಬಿದ್ದು ಹುಟ್ಟಬಹುದು.

ಹುಳುಕು ಹಲ್ಲು ಅಂತೀವಿ, ಆದರೆ ಅಲ್ಲಿ ಹುಳ ಇಲ್ಲ. ಇರೋದು ಬ್ಯಾಕ್ಟೀರಿಯಾ, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ನಾವು ತಿಂದ ಸಕ್ಕರೆಯನ್ನು ಅದು ಆಮ್ಲವಾಗಿ ಮಾಡುತ್ತದೆ. ಹಲ್ಲಿನ ಹೊರಪದರವಾದ ಎನಾಮಲ್‌ನ ತೂಕದಲ್ಲಿ ಸುಮಾರು 96 ಭಾಗ ಖನಿಜವೇ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಆದರೂ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಆ ಖನಿಜ ಕರಗತೊಡಗುತ್ತದೆ. ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದ್ದಕ್ಕಿಂತ ತೆಳು, ಹಾಗಾಗಿ ಬೇಗ ತೂತು ಬೀಳುತ್ತದೆ. ರಾತ್ರಿ ಸಿಹಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ಮಗುವಿಗೆ ಈ ತೊಂದರೆ ಹೆಚ್ಚು, ಯಾಕಂದ್ರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ, ಆಮ್ಲ ತೊಳೆದುಹೋಗಲ್ಲ. ಕೆಳಗಿನ ಮುಂದಿನ ಹಲ್ಲುಗಳು ನಾಲಿಗೆಯ ಮರೆಯಲ್ಲಿ ಉಳಿದುಕೊಳ್ಳುತ್ತವೆ, ಮೇಲಿನವು ಸಿಕ್ಕಿಬೀಳುತ್ತವೆ. ಬೆಲ್ಲ, ಜೇನು ಒಳ್ಳೇದು, ಸಕ್ಕರೆ ಮಾತ್ರ ಕೆಟ್ಟದ್ದು ಅನ್ನುವ ವಾದ ಬ್ಯಾಕ್ಟೀರಿಯಾದ ಹತ್ತಿರ ನಡೆಯಲ್ಲ.

ಬಿಳಿ ಗೆರೆ ಮಾತ್ರ ಇದ್ದರೆ ಫ್ಲೋರೈಡ್ ಪೇಸ್ಟಿನಿಂದ, ಸಿಹಿ ಕಡಿಮೆ ಮಾಡುವುದರಿಂದ ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ಆಮೇಲೆ ಬಟಾಣಿಯಷ್ಟು. ಹಲ್ಲಿನ ಹೆಚ್ಚಿನ ಭಾಗ ಹೋಗಿದ್ದರೆ ದಂತವೈದ್ಯರು ಕ್ಯಾಪ್ ಹಾಕುತ್ತಾರೆ. ಈ ಕೆಲಸದಲ್ಲಿ ಒಂದು ತಮಾಷೆ ಇದೆ: ಹಲ್ಲನ್ನು ಕರಗಿಸಿದ್ದು ಆಮ್ಲ, ಹೊಸ ತಲೆ ಕೂರಿಸಲು ಬೇಕಾದದ್ದೂ ಆಮ್ಲವೇ! ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುತ್ತಿದ್ದರು. ಅಮೆರಿಕದ ಮೈಕೇಲ್ ಬ್ಯೂನೊಕೋರ್ ಅದನ್ನೇ ಎನಾಮಲ್ ಮೇಲೆ ಪ್ರಯೋಗಿಸಿ 1955ರಲ್ಲಿ ಪ್ರಕಟಿಸಿದರು. ಆಮ್ಲ ತಾಗಿದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳು ಏಳುತ್ತವೆ. ಅಂಟುವ ದ್ರವ ಆ ಗುಂಡಿಗಳೊಳಗೆ ಇಳಿದು ಗಟ್ಟಿಯಾಗಿ, ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಗಾರೆ ನಿಲ್ಲಲಿ ಅಂತ ನಯವಾದ ಗೋಡೆಯನ್ನು ಕೆತ್ತಿ ಒರಟು ಮಾಡ್ತಾರಲ್ಲ, ಹಾಗೆ.

ನೀವೂ ಮಾಡಿ ನೋಡಬಹುದು. ಮೊಟ್ಟೆ ಚಿಪ್ಪಿನ ಅರ್ಧಕ್ಕೆ ಮೇಣದಬತ್ತಿ ಉಜ್ಜಿ, ಒಂದು ಗಂಟೆ ನಿಂಬೆರಸದಲ್ಲಿಟ್ಟು ತೊಳೆದು ಒಣಗಿಸಿ. ಎರಡೂ ಕಡೆ ಬೆರಳಾಡಿಸಿ ವ್ಯತ್ಯಾಸ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅದಕ್ಕೇ ಗುಳ್ಳೆ ಬರುತ್ತದೆ. ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್, ಅದು ಸದ್ದಿಲ್ಲದೆ ಕರಗುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಹುಳುಕನ್ನು ಕೆರೆದು ತೆಗೆಯುತ್ತಾರೆ. ಹಲ್ಲಿನ ಮೇಲೆ ಆಮ್ಲದ ಜೆಲ್ಲನ್ನು ಕೆಲವೇ ಸೆಕೆಂಡು ಇಟ್ಟು ತೊಳೆಯುತ್ತಾರೆ. ಹಲ್ಲಿನ ಆಕಾರದ ತೆಳು ಪಾರದರ್ಶಕ ಪ್ಲಾಸ್ಟಿಕ್ ಟೋಪಿಯೊಳಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಿ, ಮೋಟಿನ ಮೇಲೆ ಕೂರಿಸಿ, ನೀಲಿ ಬೆಳಕು ಬಿಡುತ್ತಾರೆ. ಬೆಳಕಿಗೆ ಕಾಂಪೊಸಿಟ್ ಕಲ್ಲಾಗುತ್ತದೆ, ಟೋಪಿಯನ್ನು ಸುಲಿದು ಎಸೆಯುತ್ತಾರೆ. ನಡುವೆ ಒಂದು ಹನಿ ಜೊಲ್ಲೋ ರಕ್ತವೋ ಸೇರಿದರೆ ಹಿಡಿತ ಕೆಡುತ್ತದೆ. ಮಗು ಒದ್ದಾಡದಂತೆ ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕೂತು ಸಮಾಧಾನ ಮಾಡುವುದು ಅದಕ್ಕೇ ಬೇಕು.

ಇಷ್ಟಾದ ಮೇಲೂ ಕ್ಯಾಪ್ ಒಡೆಯಬಹುದು. ಕಬ್ಬಿನ ಸಿಪ್ಪೆಯನ್ನು ಮುಂದಿನ ಹಲ್ಲಲ್ಲೇ ಸುಲಿಯೋ ಊರು ನಮ್ಮದು! ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂನ 27 ತಿರುವು ಇಳಿದು ಸತ್ಯಮಂಗಲಕ್ಕೆ. ಅಪ್ಪನಿಗೋ ಅಮ್ಮನಿಗೋ ಒಂದು ದಿನದ ಕೂಲಿ ಹೋಗುತ್ತೆ. ಆದ್ದರಿಂದ ಯಾವ ಕ್ಯಾಪಿಗೆ ಏನು ಮಾಡ್ತಾರೆ ಅಂತ ಮೊದಲೇ ತಿಳಿದಿರಲಿ. ಕಾಂಪೊಸಿಟ್ ಕ್ಯಾಪಿನ ಮೂಲೆ ಚಕ್ಕೆ ಎದ್ದರೆ ಇಡೀ ಕ್ಯಾಪ್ ತೆಗೆಯಬೇಕಾಗಿಲ್ಲ. ಅಷ್ಟು ಭಾಗವನ್ನು ಒರಟು ಮಾಡಿ, ಹೊಸ ಕಾಂಪೊಸಿಟ್ ಸೇರಿಸಿ, ಬೆಳಕು ಬಿಟ್ಟರೆ ಆಯಿತು. ಸ್ಟೀಲ್ ಕ್ಯಾಪಿನ ಮುಂದೆ ಅಂಟಿಸಿದ ಬಿಳಿ ಪದರ ಕಿತ್ತುಬಂದರೆ ತೇಪೆ ಹಾಕಬಹುದು, ಆದರೆ ಅದು ಮತ್ತೆ ಏಳುವ ಸಾಧ್ಯತೆ ಹೆಚ್ಚು. ಜಿರ್ಕೋನಿಯಾ ಕ್ಯಾಪ್ ಬಿರುಕು ಬಿಟ್ಟರೆ ಬದಲಾಯಿಸುವುದೇ ದಾರಿ. ಸ್ಟೀಲ್ ಅಥವಾ ಜಿರ್ಕೋನಿಯಾ ಕ್ಯಾಪ್ ಇಡಿಯಾಗಿ ಕಳಚಿದರೆ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಒಳಗೆ ಹೊಸ ಹುಳುಕಿಲ್ಲದಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಅಂಗಡಿಯ ಗೋಂದು ಹಾಕಿ ಮನೆಯಲ್ಲೇ ಅಂಟಿಸಬೇಡಿ. ಒಡೆದ ಚೂರು ಸಿಗದೆ, ಮಗು ಬಿಡದೆ ಕೆಮ್ಮುತ್ತಿದ್ದರೆ ಚೂರು ಶ್ವಾಸನಾಳಕ್ಕೆ ಹೋಗಿರಬಹುದು, ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು.

ಬಿದ್ದ ಏಟಿಗೆ ಹಾಲುಹಲ್ಲು ಬೇರುಸಮೇತ ಬಂದರೆ ಅದನ್ನು ಮತ್ತೆ ಒಳಗೆ ತೂರಿಸಬಾರದು, ಒಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಆದರೆ ನಿಮ್ಮ ವಯಸ್ಸಿನವರ ಶಾಶ್ವತ ಹಲ್ಲು ಹಾಗೆ ಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಆದಷ್ಟು ಬೇಗ ವೈದ್ಯರ ಹತ್ತಿರ ಹೋಗಿ, ಮತ್ತೆ ನೆಡಬಹುದು. ಇನ್ನು ತಮ್ಮನ ಕ್ಯಾಪ್ ತೆಗೆಸಲು ಒಂದು ದಿನ ಮತ್ತೆ ಬೆಟ್ಟ ಇಳಿಯಬೇಕಾ ಅಂತ ಕೇಳ್ತೀರಾ? ಬೇಡ. ಹೊಸ ಹಲ್ಲು ಬರುವಾಗ ಹಾಲುಹಲ್ಲಿನ ಜೊತೆಗೇ ಅದೂ ಬೀಳುತ್ತದೆ.