ನೀರಿಲ್ಲದ ಕೆರೆ: ಬಾರ್ಕರ್ ಜಲಾಶಯದ ಪರಿಚಯ

ಕೇಟಿಯ ಕನ್ನಡ ಕುಟುಂಬಗಳಿಗೆ ಜಾರ್ಜ್ ಬುಷ್ ಪಾರ್ಕ್ ಚಿರಪರಿಚಿತ. ಸುಮಾರು 7,800 ಎಕರೆಯ ಈ ಉದ್ಯಾನದಲ್ಲಿ ಮಕ್ಕಳ ಸಾಕರ್ ಮೈದಾನಗಳಿವೆ, ಸೈಕಲ್ ಹಾಗೂ ನಡಿಗೆಯ ದಾರಿಗಳಿವೆ, ಪಿಕ್ನಿಕ್ಕಿಗೆ ಮರದ ನೆರಳಿದೆ. ಆದರೆ ನಾವು ಆಡುವ ಈ ಜಾಗ ನಿಜವಾಗಿ ಒಂದು ಕೆರೆಯಂಗಳ! ಇದರ ಹೆಸರು ಬಾರ್ಕರ್ ಜಲಾಶಯ.

1929 ಮತ್ತು 1935ರಲ್ಲಿ ಬಫಲೋ ಬಾಯು ಹೊಳೆ ಉಕ್ಕಿ ಹ್ಯೂಸ್ಟನ್ ನಗರ ಮುಳುಗಿತು. ಆನಂತರ ಸೇನೆಯ ಎಂಜಿನಿಯರುಗಳ ವಿಭಾಗ 1945ರಲ್ಲಿ ಬಾರ್ಕರ್, 1948ರಲ್ಲಿ ಹೆದ್ದಾರಿ 10ರ ಉತ್ತರಕ್ಕೆ ಆಡಿಕ್ಸ್ ಎಂಬ ಮಣ್ಣಿನ ಏರಿಗಳನ್ನು ಕಟ್ಟಿ ಮುಗಿಸಿತು.

ನಮ್ಮೂರ ಕೆರೆಗಳು ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡುತ್ತವೆ. ಇದರ ಕೆಲಸ ತಿರುಗುಮುರುಗು: ಮುಂದಿನ ಮಳೆಗೆಂದು ಜಾಗವನ್ನು ಖಾಲಿ ಇಡುವುದು. ಜೋರು ಮಳೆ ಬಂದಾಗ ತೂಬು ಮುಚ್ಚಿ ನೀರನ್ನು ತಡೆಯುತ್ತಾರೆ. ಕೆಳಗಿನ ಹೊಳೆ ಇಳಿದ ಮೇಲೆ ನಿಧಾನವಾಗಿ ಬಿಡುತ್ತಾರೆ. ಉಳಿದ ದಿನಗಳಲ್ಲಿ ಅಂಗಳ ಒಣಗಿರುವುದರಿಂದಲೇ ಅಲ್ಲಿ ಆಟ, ವಿಹಾರ ಸಾಧ್ಯ.

ಈಗ ಮುಖ್ಯ ವಿಷಯ. ಏರಿ ಇರುವುದು ಮೂರು ಕಡೆ ಮಾತ್ರ. ನಾವು ವಾಸಿಸುವ ಪಶ್ಚಿಮದ ಕಡೆ ಗೋಡೆಯಿಲ್ಲ; ನೆಲವೇ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ನೀರು ತುಂಬಿದಂತೆ ಹಿಂದಕ್ಕೆ, ಕೇಟಿಯತ್ತ ಹರಡುತ್ತದೆ. ಬಾರ್ಕರ್‌ನಲ್ಲಿ ಸರ್ಕಾರ ಕೊಂಡಿದ್ದ ಜಮೀನು ಸುಮಾರು 95 ಅಡಿ ಮಟ್ಟದವರೆಗೆ. 2017ರ ಆಗಸ್ಟಿನ ಹಾರ್ವಿ ಚಂಡಮಾರುತದಲ್ಲಿ ನೀರು 101 ಅಡಿಯನ್ನೂ ದಾಟಿತು. ಈ ಎರಡು ಮಟ್ಟಗಳ ನಡುವೆ ಇದ್ದದ್ದು ಜನವಸತಿಯ ಬಡಾವಣೆಗಳು! ಹೀಗೆ ಮುಳುಗಿದ ಮೇಲ್ಭಾಗದ ಮನೆಗಳ ವಿಷಯದಲ್ಲಿ ಸರ್ಕಾರವೇ ಹೊಣೆ ಎಂದು 2019ರಲ್ಲಿ ಫೆಡರಲ್ ನ್ಯಾಯಾಲಯವೊಂದು ತೀರ್ಪಿತ್ತಿತು.

ಆದ್ದರಿಂದ ಮನೆ ಕೊಳ್ಳುವಾಗ ಶಾಲೆ, ಅಡುಗೆಮನೆಗಳ ಜೊತೆಗೆ ಮೂರು ವಿಷಯ ವಿಚಾರಿಸೋಣ. ಮನೆಯ ನೆಲ ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರ? ಅದು ಜಲಾಶಯದ ನೀರು ಹರಡುವ ಎಲ್ಲೆಯೊಳಗಿದೆಯೇ? ಬಡಾವಣೆಯ ನಕ್ಷೆಯಲ್ಲಿ ಇದರ ಬಗ್ಗೆ ಸೂಚನೆಯಿದೆಯೇ? ಪ್ರವಾಹ ನಕ್ಷೆಯಲ್ಲಿ ಅಪಾಯ ವಲಯದ ಹೊರಗಿದೆ ಎಂದಷ್ಟಕ್ಕೇ ಸುಮ್ಮನಾಗಬಾರದು. ಸಾಮಾನ್ಯ ಗೃಹವಿಮೆ ಪ್ರವಾಹದ ನಷ್ಟ ಭರಿಸುವುದಿಲ್ಲ. ಪ್ರತ್ಯೇಕ ಪ್ರವಾಹ ವಿಮೆ ಸಾಮಾನ್ಯವಾಗಿ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಚಂಡಮಾರುತದ ಸುದ್ದಿ ಕೇಳಿ ಕೊಂಡರೆ ಪ್ರಯೋಜನವಿಲ್ಲ.

ಮಳೆಯ ನಂತರ ಉದ್ಯಾನದ ರಸ್ತೆಗೆ ಅಡ್ಡಗಟ್ಟೆ ಹಾಕಿದ್ದರೆ ಕಾರನ್ನು ಹಿಂದಿರುಗಿಸಿ. ಕೆರೆ ಆಗ ತನ್ನ ಕೆಲಸದಲ್ಲಿರುತ್ತದೆ. ಒಣಗಿದ ಮೇಲೆ ಮಕ್ಕಳೊಡನೆ ಏರಿಯ ಮೇಲೆ ನಡೆದು, ಯಾವ ಕಡೆ ನಗರ, ಯಾವ ಕಡೆ ನಮ್ಮ ಮನೆ ಎಂದು ತೋರಿಸಿ.